ಬೆಡ್‌ಫರ್ಡ್‌ನ ಹಡಗಿನವನು, ಬೆಂಗಳೂರಿನ ಬಾಟಲಿ

ಯುಕೆಯ ಯಾವುದೇ ಊರಿನ ಕರಿ ಹೌಸಿಗೆ ಹೋಗಿ ಕೂತರೂ ಮೆನುವಿನ ಕೊನೇ ಪುಟದಲ್ಲಿ ಎರಡು ಹೆಸರು ಇದ್ದೇ ಇರುತ್ತವೆ: ಕೋಬ್ರಾ, ಕಿಂಗ್‌ಫಿಷರ್. ನೀವು ಕುಡಿಯೋರಾಗಿರಬೇಕಿಲ್ಲ, ಪಕ್ಕದ ಟೇಬಲ್ಲಿನವರ ಬಾಟಲಿ ನೋಡಿದ್ದರೂ ಸಾಕು. ಎರಡೂ ಒಂದು ರೀತಿಯಲ್ಲಿ ನಮ್ಮ ಊರಿನವು. ಕಿಂಗ್‌ಫಿಷರ್ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನದು ಅಂತ ಎಲ್ಲರಿಗೂ ಗೊತ್ತು. ಕೋಬ್ರಾ ಕೂಡ ಮೊದಲು ತಯಾರಾದದ್ದು ಬೆಂಗಳೂರಿನಲ್ಲೇ, ಮೈಸೂರು ಬ್ರೂವರೀಸ್‌ನಲ್ಲಿ ಅನ್ನೋದು ಅಷ್ಟು ಜನಕ್ಕೆ ಗೊತ್ತಿಲ್ಲ. ಆದರೆ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದರೆ ಇನ್ನೊಂದು ಕಥೆ ಶುರುವಾಗುತ್ತೆ. ಇಲ್ಲಿನ ಕಿಂಗ್‌ಫಿಷರ್ ಬಹಳ ವರ್ಷ ಕೆಂಟ್‌ನ ಫ್ಯಾವರ್‌ಶ್ಯಾಮ್‌ನಲ್ಲಿ, ಶೆಫರ್ಡ್ ನೀಮ್ ಅನ್ನೋ ಹಳೇ ಇಂಗ್ಲಿಷ್ ಬ್ರೂವರಿಯಲ್ಲಿ ತಯಾರಾಗ್ತಿತ್ತು. ಕೋಬ್ರಾ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಡ್‌ಫರ್ಡ್‌ನಲ್ಲಿ, ಚಾರ್ಲ್ಸ್ ವೆಲ್ಸ್ ಅನ್ನೋ ಬ್ರೂವರಿಯಲ್ಲಿ.

ನಾನಿಲ್ಲಿ ಬರೆಯೋದು ಈ ಎರಡನೆಯದರ ಬಗ್ಗೆ. ಆ ಬ್ರೂವರಿಯ ಇತಿಹಾಸಕ್ಕಿಂತ, ಆ ಇತಿಹಾಸವನ್ನ ಹೇಳೋ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಇಂಗ್ಲೆಂಡಿನ ಪ್ರಾದೇಶಿಕ ಬ್ರೂವರಿಗಳ ಚರಿತ್ರೆ ಅನ್ನೋದು ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಒಬ್ಬ ಮೂಲಪುರುಷ, ಒಂದು ಇಸವಿ, ಒಂದು ಬಾವಿ, ಗಡ್ಡ ಬಿಟ್ಟ ಒಂದು ಫೋಟೋ, ನಾಲ್ಕೈದು ತಲೆಮಾರು. ನಮ್ಮ ಕಡೆ ಸ್ಥಳಪುರಾಣ ಇರುತ್ತಲ್ಲ, ಥೇಟ್ ಹಾಗೆ. ಸ್ಥಳಪುರಾಣ ಓದೋ ಹಾಗೇ ಇದನ್ನೂ ಓದಬೇಕು: ಏನು ಹೇಳಿದೆ ಅನ್ನೋದರ ಜೊತೆಗೆ ಏನು ಬಿಟ್ಟಿದೆ ಅಂತಲೂ ನೋಡುತ್ತಾ.

ಮೊದಲು ಒಂದೆರಡು ಪದ ಸ್ಪಷ್ಟ ಮಾಡಿಕೊಳ್ಳೋಣ, ಇಲ್ಲೇ ಹುಟ್ಟಿ ಬೆಳೆದು ಈಗ ಕನ್ನಡ ಓದೋಕೆ ಕಲೀತಿರೋರು ಇದನ್ನ ಓದ್ತಾ ಇರ್ತೀರಿ. ಮಾಲ್ಟ್ ಅಂದ್ರೆ ನಿಮಗೆ ಗೊತ್ತಿರೋದೇ. ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿ ಮಕ್ಕಳಿಗೆ ಕೊಡ್ತಾರಲ್ಲ, ಆ ರಾಗಿ ಮಾಲ್ಟ್‌ನ ಹಿಂದಿರೋ ವಿದ್ಯೆಯೇ ಇದರ ಹಿಂದೆಯೂ ಇರೋದು. ಕಾಳು ಮೊಳೆತಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗೋದಕ್ಕೆ ತಯಾರಾಗುತ್ತೆ. ಇಲ್ಲಿ ರಾಗಿಯ ಬದಲು ಬಾರ್ಲಿ. ಅದನ್ನ ಒಡೆದು ಬಿಸಿನೀರಲ್ಲಿ ನೆನೆಸಿದ್ರೆ ಸಿಹಿ ರಸ ಬಿಡುತ್ತೆ. ಆ ರಸಕ್ಕೆ ಹಾಪ್ಸ್ ಅನ್ನೋ ಬಳ್ಳಿಯ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸ್ತಾರೆ. ಸ್ವಲ್ಪ ಬೆಚ್ಚಗೆ ಇಟ್ಟು ಕೆಲವೇ ದಿನದಲ್ಲಿ ಹುದುಗು ಬರಿಸಿದ್ರೆ ಏಲ್. ತಣ್ಣಗೆ ಇಟ್ಟು ನಿಧಾನವಾಗಿ ಹುದುಗಿಸಿದ್ರೆ ಲಾಗರ್. ಏಲ್ ಇಂಗ್ಲೆಂಡಿನ ಹಳೇ ಪದ್ಧತಿ, ಲಾಗರ್ ಮಧ್ಯ ಯುರೋಪಿನದು. ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಇನ್ನೊಂದು ಪದ, ಟೈಡ್ ಹೌಸ್. ಬ್ರೂವರಿಯೇ ಪಬ್ಬಿನ ಕಟ್ಟಡಕ್ಕೆ ಮಾಲೀಕ; ಅದನ್ನ ನಡೆಸೋನು ಬಾಡಿಗೆದಾರ; ಅವನು ಮಾಲೀಕನ ಬಿಯರನ್ನೇ ಕೊಳ್ಳಬೇಕು. ಇಂಗ್ಲೆಂಡಿನ ಊರೂರಿನ ಬ್ರೂವರಿಗಳು ಬದುಕಿ ಉಳಿದದ್ದು ರುಚಿಯಿಂದ ಅಂತ ಬಹಳ ಜನ ನಂಬ್ತಾರೆ. ನನ್ನ ಪ್ರಕಾರ ಮುಖ್ಯ ಕಾರಣ ಈ ಕಟ್ಟುಪಾಡು.

ಈಗ ಪುರಾಣ. ಚಾರ್ಲ್ಸ್ ವೆಲ್ಸ್ ಬೆಡ್‌ಫರ್ಡ್ ಹುಡುಗ. 14ನೇ ವಯಸ್ಸಿಗೆ, 1856ರಲ್ಲಿ, ಹಡಗು ಹತ್ತಿದ. ದುಡಿದು ದುಡಿದು ಮೇಲಿನ ಅಧಿಕಾರಿಯ ಮಟ್ಟಕ್ಕೆ ಬಂದ. ಜೋಸೆಫೀನ್ ಗ್ರಿಂಬ್ಲಿ ಅನ್ನೋಳ ಜೊತೆ ಮದುವೆ ಮಾತಾಯ್ತು. ಹುಡುಗಿಯ ಅಪ್ಪ, ವರ್ಷದಲ್ಲಿ ಬಹುಪಾಲು ಸಮುದ್ರದ ಮೇಲೇ ಇರೋನಿಗೆ ಮಗಳನ್ನ ಕೊಡಲ್ಲ ಅಂದುಬಿಟ್ಟರು. ವೆಲ್ಸ್ ಸಮುದ್ರ ಬಿಟ್ಟ. ಬೆಡ್‌ಫರ್ಡ್‌ನಲ್ಲಿ ಗ್ರೇಟ್ ಊಸ್ ನದಿಯ ದಡದ ಹಾರ್ನ್ ಲೇನ್‌ನಲ್ಲಿದ್ದ ಒಂದು ಬ್ರೂವರಿ ಹರಾಜಿಗೆ ಬಂದಿತ್ತು, ಅದನ್ನ ಕೊಂಡ. 1876ರಲ್ಲಿ ಕಂಪನಿ ಶುರು.

ಚೆನ್ನಾಗಿದೆ, ಅಲ್ವಾ? ಪ್ರೇಮ, ಮಾವನ ಹಠ, ಸಮುದ್ರ, ಮನೆಗೆ ಮರಳುವಿಕೆ. ಕಥೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಆ ಹರಾಜಿನಲ್ಲಿ ವೆಲ್ಸ್ ಕೊಂಡದ್ದು ಬರೀ ಬ್ರೂವರಿಯನ್ನಲ್ಲ. ಅದರ ಜೊತೆ ಮೂವತ್ತಕ್ಕೂ ಹೆಚ್ಚು ಪಬ್ಬುಗಳೂ ಬಂದವು. ಅಂದ್ರೆ ಮೊದಲ ದಿನವೇ ಗಿರಾಕಿಗಳು ಕಟ್ಟಿಟ್ಟ ಬುತ್ತಿ. ಪ್ರೇಮಕಥೆ ಓದುವಾಗ ಈ ವಾಕ್ಯ ಕಣ್ಣಿಗೆ ಬೀಳಲ್ಲ, ಬಿದ್ದರೂ ಮರೆತುಹೋಗುತ್ತೆ. ಮುಂದಿನ ನೂರನಲವತ್ತು ವರ್ಷದ ಗುಟ್ಟು ಇರೋದು ಮಾತ್ರ ಆ ಒಂದು ವಾಕ್ಯದಲ್ಲಿ.

ಬಾವಿಯ ಕಥೆಯನ್ನ ನಾನು ತಳ್ಳಿಹಾಕಲ್ಲ. 1902ರಲ್ಲಿ ವೆಲ್ಸ್ ಸ್ವಂತ ಬಾವಿ ತೋಡಿಸಿದ. ಬಿಯರ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಬರ್ಟನ್ ಅನ್ನೋ ಊರಿನ ನೀರಲ್ಲಿ ಜಿಪ್ಸಮ್ ಹೆಚ್ಚು, ಅದಕ್ಕೇ ಅಲ್ಲಿನ ತಿಳಿ ಏಲ್‌ಗಳಿಗೆ ಹೆಸರು ಬಂತು, ಅವು ಹಡಗಿನಲ್ಲಿ ನಮ್ಮ ದೇಶಕ್ಕೂ ಬಂದವು. ಆದ್ದರಿಂದ ಬಾವಿ ಅಂದ್ರೆ ಬರೀ ಅಲಂಕಾರವಲ್ಲ, ಅದು ನಿಜವಾದ ಬಂಡವಾಳ. ಕಂಪನಿಯವರು ಅದರ ಬಗ್ಗೆ ಹೆಮ್ಮೆಪಡೋದು ಸರಿಯೇ.

ನನ್ನ ತಕರಾರು ಇರೋದು 1976ರ ನಂತರದ ಕಾಲದ ಬಗ್ಗೆ. ಆ ವರ್ಷ, ಸರಿಯಾಗಿ ನೂರು ತುಂಬಿದಾಗ, ಕಂಪನಿ ನದಿದಂಡೆ ಬಿಟ್ಟು ಹ್ಯಾವ್‌ಲಾಕ್ ಸ್ಟ್ರೀಟ್‌ನಲ್ಲಿ ಹೊಸ ಬ್ರೂವರಿಗೆ ಹೋಯ್ತು. ಅದರ ಹೆಸರು ಈಗಲ್ ಬ್ರೂವರಿ. ಅದು ಕೆಂಪು ಇಟ್ಟಿಗೆಯ ಗೋಪುರ, ಕುದುರೆ ಗಾಡಿಗಳ ಕ್ಯಾಲೆಂಡರ್ ಚಿತ್ರವಲ್ಲ. ಸ್ಟೀಲ್ ಟ್ಯಾಂಕುಗಳ ಆಧುನಿಕ ಕಾರ್ಖಾನೆ, ಏಲ್ ಜೊತೆಗೆ ಲಾಗರನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಬಲ್ಲದ್ದು. ಆ ಕಾಲದಲ್ಲಿ ಇಂಗ್ಲೆಂಡಿನ ಜನ ಏಲ್ ಬಿಟ್ಟು ಲಾಗರ್ ಕಡೆ ವಾಲ್ತಾ ಇದ್ರು. ಸಣ್ಣ ಊರಿನ ಬ್ರೂವರಿಗೆ ತನ್ನದೇ ಲಾಗರ್ ಬ್ರ್ಯಾಂಡ್ ಕಟ್ಟೋ ಜಾಹೀರಾತಿನ ದುಡ್ಡಿಲ್ಲ. ವೆಲ್ಸ್ ಕುಟುಂಬ ಏನು ಮಾಡ್ತು? ಬೇರೆ ದೇಶದವರ ಲಾಗರನ್ನ ಲೈಸೆನ್ಸ್ ಮೇಲೆ ಮಾಡಿಕೊಡೋಕೆ ಹೊರಟಿತು. ಮೊದಲು ಜಮೈಕಾದ ರೆಡ್ ಸ್ಟ್ರೈಪ್. ಆಮೇಲೆ ಜಪಾನಿನ ಕಿರಿನ್. ಆಮೇಲೆ ಕೋಬ್ರಾ.

ಇದನ್ನ ಒಂದು ಕ್ಷಣ ಯೋಚಿಸಿ. ಲಂಡನ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆರಿಬಿಯನ್‌ನಿಂದ ಬಂದು ನೆಲೆಸಿದ ಜನ ತಮ್ಮ ದ್ವೀಪದ ನೆನಪಿಗೆ ಅಂತ ಕುಡೀತಿದ್ದ ಬಿಯರು ಬೆಡ್‌ಫರ್ಡ್‌ಶೈರ್‌ನ ಬಾವಿಯ ನೀರು. ಬೆಡ್‌ಫರ್ಡ್ ಊರಾದರೂ ಎಂಥದ್ದು! ಎರಡನೇ ಮಹಾಯುದ್ಧದ ಮೇಲೆ ಅಲ್ಲಿನ ಇಟ್ಟಿಗೆ ಕಾರ್ಖಾನೆಗಳಿಗೆ ಕೆಲಸಗಾರರು ಸಾಲದೆ ದಕ್ಷಿಣ ಇಟಲಿಯಿಂದ ಸಾವಿರಾರು ಜನರನ್ನ ಕರೆಸಿಕೊಂಡರು. ಆಮೇಲೆ ಪಂಜಾಬಿಗಳು, ಕೆರಿಬಿಯನ್ನರು ಬಂದರು. ಇಂಥ ಊರಿನ ಬ್ರೂವರಿ ವಲಸೆಗಾರರ ಬಾಯಾರಿಕೆಯನ್ನ ನಂಬಿ ಮೂವತ್ತು ವರ್ಷ ಗಟ್ಟಿಯಾಗಿ ನಿಂತದ್ದು, ನನ್ನ ಮಟ್ಟಿಗೆ, ಇಡೀ ಚರಿತ್ರೆಯ ಅತ್ಯಂತ ಕುತೂಹಲದ ಅಧ್ಯಾಯ. ಕಥೆ ಹೇಳುವಾಗ ಇದು ಒಂದು ಸಾಲು. ಹಡಗಿನವನಿಗೆ ಒಂದು ಪುಟ.

ಕೋಬ್ರಾದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇಲ್ಲಿ ನಮ್ಮ ಊರು ಬರುತ್ತೆ. ಕರಣ್ ಬಿಲಿಮೋರಿಯಾ ಹೈದರಾಬಾದಿನ ಪಾರ್ಸಿ ಮನೆತನದ ಹುಡುಗ, ಇಲ್ಲಿ ಲೆಕ್ಕಪತ್ರವನ್ನೂ ಕೇಂಬ್ರಿಡ್ಜ್‌ನಲ್ಲಿ ಕಾನೂನನ್ನೂ ಓದಿದವರು. ಇಲ್ಲಿನ ಲಾಗರ್‌ನಲ್ಲಿ ಗ್ಯಾಸ್ ಹೆಚ್ಚು, ಊಟ ಸೇರಲ್ಲ. ಏಲ್ ಮಸಾಲೆ ಊಟಕ್ಕೆ ಭಾರ. ಎರಡರ ನಡುವಿನದ್ದೊಂದು ಬೇಕು ಅನ್ನೋದು ಅವರ ಯೋಚನೆ. ಬೆಂಗಳೂರಿನ ಮೈಸೂರು ಬ್ರೂವರೀಸ್‌ನಲ್ಲಿ ಡಾ. ಕಾರ್ಯಪ್ಪ ಅನ್ನೋ ಬ್ರೂಮಾಸ್ಟರ್ ಜೊತೆ ಕೂತು ಆ ಹದ ಹುಡುಕಿದರು. ಮೊದಲು ಯೋಚಿಸಿದ ಹೆಸರು ಪ್ಯಾಂಥರ್; ಜನಕ್ಕೆ ಹಿಡಿಸಲಿಲ್ಲ ಅಂತ ಕೋಬ್ರಾ ಆಯ್ತು. 1990ರಲ್ಲಿ 650 ಮಿಲಿಲೀಟರ್‌ನ, ನಮ್ಮ ಕಡೆಯ ಮಾಮೂಲಿ ದೊಡ್ಡ ಬಾಟಲಿಗಳು ಹಡಗಿನಲ್ಲಿ ಇಂಗ್ಲೆಂಡಿಗೆ ಬಂದವು. ಬಿಲಿಮೋರಿಯಾ ಹಳೇ ಸಿಟ್ರೋಯೆನ್ ಕಾರಿನಲ್ಲಿ ಅವನ್ನ ತುಂಬಿಕೊಂಡು ಲಂಡನ್ನಿನ ರೆಸ್ಟೋರೆಂಟುಗಳಿಗೆ ಅಲೆದರು.

ವ್ಯಾಪಾರ ಕುದುರಿತು. ಆದರೆ ಬೆಂಗಳೂರಿನಿಂದ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಇಲ್ಲಿಗೆ ಅಂದ್ರೆ ವಾರಗಟ್ಟಲೆ ಬೇಕು. ಮಾಲು ಹೇಳಿದ ದಿನಕ್ಕೆ ತಲುಪಲ್ಲ, ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರಲ್ಲ. ಅದಕ್ಕೇ 1990ರ ದಶಕದ ಕೊನೆಯ ಹೊತ್ತಿಗೆ ಕೋಬ್ರಾ ಬೆಡ್‌ಫರ್ಡ್‌ಗೆ ಬಂತು. ವೆಲ್ಸ್ ಬಳಿ ಲಾಗರ್ ಟ್ಯಾಂಕುಗಳಿದ್ದವು, ಬೇರೆಯವರ ಪಾಕವನ್ನ ಶಿಸ್ತಾಗಿ ಮಾಡಿಕೊಡೋ ಇಪ್ಪತ್ತು ವರ್ಷದ ಅಭ್ಯಾಸವೂ ಇತ್ತು. ಬೆಂಗಳೂರಿನ ಮೈಸೂರು ಬ್ರೂವರೀಸ್ 2001ರಲ್ಲಿ ಸೌತ್ ಆಫ್ರಿಕನ್ ಬ್ರೂವರೀಸ್ ಪಾಲಾಯ್ತು.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ, "ಓ, ಹಾಗಾದ್ರೆ ಅದು ಅಸಲಿ ಅಲ್ಲ, ಮೋಸ" ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಅಸಲಿ ಅಂದ್ರೆ ಏನು? ಬಾರ್ಲಿ ಮೊಳೆಸೋದು, ಹಾಪ್ಸ್ ಹಾಕೋದು ಬೆಂಗಳೂರಿಗೂ ಬ್ರಿಟಿಷರು ತಂದ ವಿದ್ಯೆ; ಯುನೈಟೆಡ್ ಬ್ರೂವರೀಸನ್ನೇ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನ ಸೇರಿಸಿ ಕಟ್ಟಿದ್ದು ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು. ಲಾಗರ್ ಬಂದದ್ದು ಮಧ್ಯ ಯುರೋಪಿನಿಂದ. ಪಾಕ ಕೂಡಿಸಿದ್ದು ಬೆಂಗಳೂರಲ್ಲಿ, ಕಾಯಿಸಿದ್ದು ಬೆಡ್‌ಫರ್ಡ್‌ನಲ್ಲಿ, ಅದನ್ನ ಬಡಿಸಿದ ರೆಸ್ಟೋರೆಂಟುಗಳಲ್ಲಿ ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್‌ನವರದ್ದು. ಇದರಲ್ಲಿ ಯಾವ ಕೊಂಡಿ ನಕಲಿ? ನನ್ನ ಆಕ್ಷೇಪ ಬೇರೆ. ಕೋಬ್ರಾ 2000ದ ದಶಕದಲ್ಲಿ ಬಾಟಲಿಯ ಗಾಜಿನ ಮೇಲೇ ತನ್ನ ಕಥೆಯನ್ನ ಉಬ್ಬು ಚಿತ್ರಗಳಲ್ಲಿ ಕೆತ್ತಿಸಿತು, ಬೆಂಗಳೂರಿನಿಂದ ಬ್ರಿಟನ್ನಿಗೆ ಬಂದ ಪಯಣ ಎಲ್ಲಾ. ಅದನ್ನ ದಿನವೂ ತಯಾರಿಸಿದ ಊರಿನ ಜನರಿಗೆ ಸಿಕ್ಕಿದ್ದು ಹಿಂಬದಿಯ ಸಣ್ಣ ಅಕ್ಷರ. ವೆಲ್ಸ್ ಕೂಡ ತನ್ನ ಕಡೆಯಿಂದ ಅದನ್ನ ದೊಡ್ಡದಾಗಿ ಹೇಳಿಕೊಳ್ಳಲಿಲ್ಲ. ಇಬ್ಬರಿಗೂ ಮೌನ ಲಾಭ. ಭಾರತದ ಬಿಯರ್ ಮಾರೋನಿಗೆ ಬೆಡ್‌ಫರ್ಡ್ ಬೇಡ. ಅಪ್ಪಟ ಇಂಗ್ಲಿಷ್ ಬಿಯರ್ ಮಾರೋನಿಗೆ ಬೆಂಗಳೂರು ಬೇಡ.

ಅಪ್ಪಟ ಇಂಗ್ಲಿಷ್ ಅಂದೆ, ಯಾಕಂದ್ರೆ ಅದೇ ಸಮಯದಲ್ಲಿ ಅದೇ ಕಾರ್ಖಾನೆಯ ಹೆಸರುವಾಸಿ ಏಲ್ ಬಾಂಬರ್ಡಿಯರ್. ಸೇಂಟ್ ಜಾರ್ಜ್ ದಿನಕ್ಕೆ ಕೆಂಪು ಶಿಲುಬೆಯ ಬಾವುಟ ಹಿಡಿದು, ಇದು ಇಂಗ್ಲೆಂಡಿನ ಪಾನೀಯ ಅಂತ ಸಾರಿದ ಬಿಯರ್. ಒಂದು ಟ್ಯಾಂಕಿನಲ್ಲಿ ಇಂಗ್ಲೆಂಡ್, ಪಕ್ಕದ್ದರಲ್ಲಿ ಜಮೈಕಾ, ಅದರಾಚೆ ಭಾರತ. ಅಲ್ಲಿ ಈಗಲ್ ಐಪಿಎ ಅಂತಲೂ ಒಂದಿತ್ತು. ಇಂಡಿಯಾ ಪೇಲ್ ಏಲ್ ಅಂದ್ರೆ ನಮ್ಮ ದೇಶಕ್ಕೆ ಕಳಿಸ್ತಿದ್ದ, ಹಾಪ್ಸ್ ಹೆಚ್ಚು ಹಾಕಿದ ಬಿಯರ್ ಅಂತ ಕೇಳಿರ್ತೀರಿ. ಇದು ಬರೀ 3.6 ಪರ್ಸೆಂಟಿನ ಮೆದು ಏಲ್. ಹೆಸರಿನಲ್ಲಿ ಇಂಡಿಯಾ ಇದ್ದದ್ದು ಇಂಡಿಯಾಕ್ಕೆ ಸಂಬಂಧವೇ ಇಲ್ಲದ ಬಿಯರಿಗೆ! ಬಾಟಲಿ ಓದೋ ಸುಖ ಇರೋದೇ ಇಂಥದ್ದರಲ್ಲಿ.

2006ಕ್ಕೆ ಬರೋಣ. ಅಷ್ಟರಲ್ಲಿ ಬ್ರಿಟನ್ನಿನ ಬಿಯರ್ ಲೋಕ ತಲೆಕೆಳಗಾಗಿತ್ತು. 1989ರಲ್ಲಿ ಸರ್ಕಾರ ಬಿಯರ್ ಆರ್ಡರ್ಸ್ ಅನ್ನೋ ನಿಯಮ ತಂದು, 2000ಕ್ಕಿಂತ ಹೆಚ್ಚು ಪಬ್ ಇಟ್ಟುಕೊಂಡಿದ್ದ ದೊಡ್ಡ ಬ್ರೂವರಿಗಳ ಕಟ್ಟುಪಾಡನ್ನ ಸಡಿಲಿಸಿತು. ದೊಡ್ಡವರು ಪಬ್ ಮಾರಿದರು. ಕೊಂಡದ್ದು ಬಹುಮಟ್ಟಿಗೆ ಬಿಯರ್ ತಯಾರಿಸದ, ಬರೀ ಪಬ್ ಹಿಡಿದಿಟ್ಟುಕೊಳ್ಳೋ ಕಂಪನಿಗಳು. ವೆಲ್ಸ್‌ನಂಥ ಚಿಕ್ಕವರಿಗೆ ಆ ಮಿತಿ ತಾಗಲೇ ಇಲ್ಲ. ಆದರೆ ಪಬ್ಬಿನ ಕಟ್ಟಡವೇ ಆಸ್ತಿ, ಬಿಯರ್ ಬರೀ ಖರ್ಚಿನ ಬಾಬ್ತು ಅನ್ನೋ ಲೆಕ್ಕಾಚಾರ ಎಲ್ಲರಿಗೂ ಅಂಟಿಕೊಂಡಿತು.

ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಯಂಗ್ಸ್ ಕಂಪನಿಯ ರ‍್ಯಾಮ್ ಬ್ರೂವರಿ ಇತ್ತು. ಯಂಗ್ ಕುಟುಂಬದ ಕೈಗೆ ಬಂದದ್ದು 1831ರಲ್ಲಿ, ಆ ಜಾಗದಲ್ಲಿ ಬಿಯರ್ ತಯಾರಾಗ್ತಿದ್ದದ್ದು 16ನೇ ಶತಮಾನದಿಂದ. 1970ರ ಆಸುಪಾಸಿನಲ್ಲಿ ಎಲ್ಲರೂ ಪೀಪಾಯಿಯಲ್ಲೇ ಹುದುಗು ಮುಗಿಸೋ ಹಳೇ ಏಲ್ ಬಿಟ್ಟು ಗ್ಯಾಸ್ ತುಂಬಿದ ಬಿಯರ್ ಕಡೆ ಓಡಿದಾಗ, ಅಧ್ಯಕ್ಷ ಜಾನ್ ಯಂಗ್ ಒಪ್ಪಲಿಲ್ಲ. 2006ರಲ್ಲಿ ಬ್ರೂವರಿ ಮುಚ್ಚೋ ತೀರ್ಮಾನವಾಯ್ತು; ಜಾಗ ಸುಮಾರು 69 ಮಿಲಿಯನ್ ಪೌಂಡಿಗೆ ಕಟ್ಟಡ ಕಟ್ಟೋರ ಪಾಲಾಯ್ತು. ಕೊನೆಯ ಬಿಯರ್ ಕಾಯಿಸೋ ಕೆಲವೇ ದಿನ ಮುಂಚೆ, ಸೆಪ್ಟೆಂಬರ್‌ನಲ್ಲಿ, ಜಾನ್ ಯಂಗ್ ತೀರಿಕೊಂಡರು. ಯಂಗ್ಸ್‌ನ ಬಿಯರುಗಳು ಬೆಡ್‌ಫರ್ಡ್‌ಗೆ ಬಂದವು. ವೆಲ್ಸ್ ಅಂಡ್ ಯಂಗ್ಸ್ ಅಂತ ಹೊಸ ಕಂಪನಿ, ವೆಲ್ಸ್‌ಗೆ ನೂರಕ್ಕೆ 60, ಯಂಗ್ಸ್‌ಗೆ 40.

ವಾಂಡ್ಸ್‌ವರ್ತ್‌ನಲ್ಲಿ ಆಮೇಲೆ ನಡೆದದ್ದು ನನಗೆ ಬಹಳ ಇಷ್ಟ. ಜಾನ್ ಹ್ಯಾಚ್ ಅನ್ನೋ ಬ್ರೂವರ್, ಆ ಜಾಗದ ಶತಮಾನಗಳ ಸರಪಳಿ ಕಡಿಯಬಾರದು ಅಂತ, ಖಾಲಿ ಕಾರ್ಖಾನೆಯಲ್ಲಿ ಪಾತ್ರೆ, ಡಬ್ಬ, ಸಿಕ್ಕಿದ ಸಾಮಾನು ಜೋಡಿಸಿಕೊಂಡು ವರ್ಷಾನುಗಟ್ಟಲೆ ಸಣ್ಣ ಪ್ರಮಾಣದಲ್ಲಿ ಬಿಯರ್ ಕಾಯಿಸ್ತಾ ಬಂದರು. ಮಾರೋದಕ್ಕಲ್ಲ. ದೀಪ ಆರಬಾರದು ಅಂತ ನಂದಾದೀಪಕ್ಕೆ ಎಣ್ಣೆ ಹಾಕ್ತಾರಲ್ಲ, ಹಾಗೆ. ಆ ಜಾಗದಲ್ಲಿ ಈಗ ಸ್ಯಾಂಬ್ರೂಕ್ಸ್ ಅನ್ನೋ ಹೊಸ ಬ್ರೂವರಿ ಇದೆ. ಬಿಯರ್‌ನ ಹೆಸರು ಒಂದು ಕಡೆ, ಜಾಗದ ಪರಂಪರೆ ಇನ್ನೊಂದು ಕಡೆ, ಪಬ್ಬುಗಳು ಮೂರನೇ ಕಡೆ. ಯಾವುದು ಯಂಗ್ಸ್?

ಬೆಡ್‌ಫರ್ಡ್ ಮಾತ್ರ ಹೆಸರುಗಳನ್ನ ಕೂಡಿಸ್ತಾ ಹೋಯ್ತು. 2007ರಲ್ಲಿ ಲಂಡನ್ನಿನ ಕರೇಜ್, 2011ರಲ್ಲಿ ಎಡಿನ್‌ಬರೋದ ಮೆಕ್‌ಯುಯನ್ಸ್. ಮನೆ ಕಳಕೊಂಡ ಬಿಯರುಗಳ ಅನಾಥಾಲಯ ಆಗಿಬಿಟ್ಟಿತು ಹ್ಯಾವ್‌ಲಾಕ್ ಸ್ಟ್ರೀಟ್. ಆದರೆ ಅನಾಥಾಲಯದ ಖರ್ಚು ತೂಗಿಸ್ತಿದ್ದ ಲಾಗರ್ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದುಹೋಗ್ತಿದ್ರು. ಕೋಬ್ರಾ 2009ರಲ್ಲಿ ಸಾಲದ ಸುಳಿಗೆ ಸಿಕ್ಕಿ ಮೋಲ್ಸನ್ ಕೂರ್ಸ್ ಕೈಗೆ ಬಂತು. ಅವರಿಗೆ ಬರ್ಟನ್‌ನಲ್ಲಿ ಸ್ವಂತ ಕಾರ್ಖಾನೆ ಇದ್ದಾಗ ಬೆಡ್‌ಫರ್ಡ್ ಯಾಕೆ ಬೇಕು?

2011ರಲ್ಲಿ ಯಂಗ್ಸ್‌ನ 40 ಪಾಲನ್ನ ಸುಮಾರು 15 ಮಿಲಿಯನ್ ಪೌಂಡಿಗೆ ವೆಲ್ಸ್ ಕೊಂಡುಕೊಂಡಿತು. 2017ರಲ್ಲಿ ಬ್ರೂವರಿ, ಬ್ರ್ಯಾಂಡುಗಳು, ಎಲ್ಲವನ್ನೂ ಸೇರಿಸಿ ಮಾರ್ಸ್‌ಟನ್ಸ್ ಕಂಪನಿಗೆ 55 ಮಿಲಿಯನ್‌ಗೆ ಮಾರಿತು. ಈಗ ಲೆಕ್ಕ ನೋಡಿ. ವಾಂಡ್ಸ್‌ವರ್ತ್‌ನ ಖಾಲಿ ಜಾಗಕ್ಕೆ 69. ನಡೀತಿರೋ ಬ್ರೂವರಿ, ಬಾಂಬರ್ಡಿಯರ್, ಯಂಗ್ಸ್, ಕರೇಜ್, ಮೆಕ್‌ಯುಯನ್ಸ್ ಎಲ್ಲಾ ಒಟ್ಟಿಗೆ 55. ಪರಂಪರೆಯ ಬೆಲೆ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ಈ ಎರಡು ಅಂಕಿ ಹೇಳಿ.

ವೆಲ್ಸ್ ಕುಟುಂಬ ಮಾರದೇ ಉಳಿಸಿಕೊಂಡದ್ದು ಏನನ್ನ? ಸುಮಾರು 200 ಪಬ್ಬುಗಳನ್ನ. ಹಾರ್ನ್ ಲೇನ್ ಹರಾಜಿನಲ್ಲಿ ಬ್ರೂವರಿಯ ಜೊತೆ ಬಂದಿದ್ದವಲ್ಲ, ಆ ವಂಶದ್ದು. ಬಿಯರ್ ಪ್ರೇಮಿಗಳು ಇದನ್ನ ದ್ರೋಹ ಅಂದರು. ನನಗೆ ಅವರ ಸಂಕಟ ಅರ್ಥವಾಗುತ್ತೆ, ಆದರೆ ತೀರ್ಪು ಒಪ್ಪಿಗೆಯಿಲ್ಲ. ಲೈಸೆನ್ಸ್ ಲಾಗರ್ ಹೋದಮೇಲೆ ಅಷ್ಟು ದೊಡ್ಡ ಕಾರ್ಖಾನೆಯನ್ನ ಬರೀ ಏಲ್‌ನಿಂದ ತುಂಬಿಸೋಕಾಗಲ್ಲ. ಏಲ್ ಕುಡಿಯೋರು ಪ್ರತಿವರ್ಷ ಕಡಿಮೆಯಾಗ್ತಿದ್ರು. ಕುಟುಂಬ ಮಾಡಿದ್ದು ಮೊದಲ ದಿನದಿಂದ ಇದ್ದ ಸತ್ಯವನ್ನ ಒಪ್ಪಿಕೊಂಡದ್ದು ಅಷ್ಟೇ. ದ್ರೋಹ ಅನ್ನಿಸೋದು ನಾವು ಹಡಗಿನವನ ಕಥೆಯನ್ನ ಪೂರ್ತಿ ನಂಬಿದ್ದರಿಂದ. 2020ರಲ್ಲಿ ಅದೇ ಊರಿನಲ್ಲಿ ಬ್ರೂಪಾಯಿಂಟ್ ಅಂತ ಹೊಸ, ಸಣ್ಣ ಬ್ರೂವರಿಯನ್ನೂ ತೆರೆದರು, ಅದನ್ನೂ ಹೇಳಬೇಕು.

ಒಂದು ಮಾತ್ರ ನನಗೆ ಸುಲಭವಾಗಿ ಸಮಾಧಾನವಾಗಲ್ಲ. ಹ್ಯಾವ್‌ಲಾಕ್ ಸ್ಟ್ರೀಟ್‌ನಲ್ಲಿ ಕೆಲಸ ಮಾಡಿದವರು ಈ ಯಾವ ಕಥೆಯಲ್ಲೂ ಇಲ್ಲ. ಒಂದೇ ವಾರದಲ್ಲಿ ಜಪಾನಿನವರಿಗೆ ಬೇಕಾದ ಹದ, ಜಮೈಕಾದ ಹದ, ಬೆಂಗಳೂರಿನ ಹದ, ಮೂರನ್ನೂ ತಪ್ಪದೆ ಹಿಡಿಯೋದು ಸಣ್ಣ ಕೆಲಸವಲ್ಲ. ಯೀಸ್ಟ್ ಒಂದಕ್ಕೊಂದು ಬೆರೆಯಬಾರದು. ಟ್ಯಾಂಕು, ಪೈಪು ಪ್ರತಿಸಲ ತೊಳೆದು ಶುದ್ಧಮಾಡಬೇಕು. ಬ್ರ್ಯಾಂಡಿನ ಮಾಲೀಕರು ರುಚಿ ನೋಡಿ ಸೈ ಅನ್ನಬೇಕು. ಹೊರದೇಶದಲ್ಲಿ ಬೇರೆಯವರ ಹೆಸರಿನ ಅಡಿಯಲ್ಲಿ ಕೋಡ್ ಬರೆಯೋರು, ರಾತ್ರಿ ಪಾಳಿಯಲ್ಲಿ ಆಸ್ಪತ್ರೆ ನಡೆಸೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಬ್ರೂವರಿಯ ಚರಿತ್ರೆಯನ್ನ ಮತ್ತೆ ಬರೆಯೋ ಕೆಲಸ ಯಾರಾದರೂ ಕೈಗೆತ್ತಿಕೊಂಡರೆ, ಮೂಲಪುರುಷನ ಗಡ್ಡದ ಫೋಟೋವನ್ನ ಸ್ವಲ್ಪ ಚಿಕ್ಕದು ಮಾಡಿ ಈ ಪಾಳಿಗಳ ಕಥೆಗೆ ಜಾಗ ಮಾಡಲಿ.

ಕಾರ್ಖಾನೆಯ ಮುಂದಿನ ಪಾಡು ಚುಟುಕಾಗಿ: 2020ರಲ್ಲಿ ಮಾರ್ಸ್‌ಟನ್ಸ್ ತನ್ನ ಬ್ರೂವರಿಗಳನ್ನ ಕಾರ್ಲ್ಸ್‌ಬರ್ಗ್ ಜೊತೆ ಸೇರಿಸಿತು. ಆ ಜೋಡಿ ಕಂಪನಿಗೆ ಬೆಡ್‌ಫರ್ಡ್ ಬೇಡವಾಯ್ತು. 2022ರಲ್ಲಿ ಅದನ್ನ ಕೊಂಡದ್ದು ಸ್ಪೇನಿನ ಡ್ಯಾಮ್ ಕಂಪನಿ, ಎಸ್ಟ್ರೆಲ್ಲಾ ಡ್ಯಾಮ್ ಮಾಡೋರು. ಇಂಗ್ಲೆಂಡಿನಲ್ಲಿ ಬಾರ್ಸಿಲೋನಾದ ಬಿಯರ್ ಕುಡಿಯೋರಿಗಾಗಿ ಬೆಡ್‌ಫರ್ಡ್‌ನಲ್ಲೇ ಕಾಯಿಸೋದು ಆಗ ಅವರ ಯೋಜನೆಯಾಗಿತ್ತು. ಆ ಕಂಪನಿಯ ಮೂಲಪುರುಷ ಆಗಸ್ಟ್ ಡ್ಯಾಮ್ ಫ್ರಾನ್ಸಿನ ಅಲ್ಸೇಸ್‌ನಿಂದ ಬಾರ್ಸಿಲೋನಾಕ್ಕೆ ವಲಸೆ ಹೋದವನು. ಅವನು ಅಲ್ಲಿ ಬಿಯರ್ ಶುರುಮಾಡಿದ್ದು ಯಾವ ಇಸವಿ ಅಂತ ಬಾಟಲಿಯ ಮೇಲೇ ಬರೆದಿರುತ್ತೆ, ಓದಿ ನೋಡಿ: 1876.